ಕೌದಿ ಮೇಲಿನ ಬಿಲ್ಲೆಗಳು

ಯಶೋಧಾಳ ಟ್ರಂಕಿಗೆ ಬೀಗ ಇರಲಿಲ್ಲ. ಕೊಂಡಿ ಇತ್ತು, ಕೊಂಡಿಗೆ ಸಿಕ್ಕಿಸಿದ ಒಂದು ಬಾಗಿದ ಮೊಳೆ ಇತ್ತು, ಅಷ್ಟೇ. ಬೀಗ ತರುತ್ತೇನೆಂದು ಒಮ್ಮೆ ಅಂದಾಗ ಅಣ್ಣ ಬೊಮ್ಮಪ್ಪ ಉಣ್ಣುತ್ತಿದ್ದವನು ತಾಟಿನಿಂದ ತಲೆ ಎತ್ತದೆ, ಈ ಮನ್ಯಾಗ ಕಳ್ಳರು ಯಾರದಾರ ತೋರಸು, ಅವರಿಗೇ ಬೀಗ ಹಾಕಾಣ ಎಂದಿದ್ದ. ಅವ್ವ ಚೌಡಕ್ಕ ನಕ್ಕಿದ್ದಳು. ಗಂಡನ ಮನೆಯಿಂದ ಟ್ರಂಕು ಹೊತ್ತು ವಾಪಸ್ಸು ಬಂದ ಮಗಳು ಅದಕ್ಕೆ ಬೀಗ ಹಾಕಿದರೆ ಒಳಗೇನಿದೆ ಎಂದು ಓಣಿ ಕೇಳುತ್ತದೆ, ಹಾಕದಿದ್ದರೆ ಯಾರೂ ಕೇಳುವುದಿಲ್ಲ. ಇದು ಚೌಡಕ್ಕನ ಲೆಕ್ಕ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಯಾರೂ ಕೇಳಿರಲಿಲ್ಲ. ಆದರೆ ಈ ಬೆಳಿಗ್ಗೆ ಹಾಲಸ್ವಾಮಿಯ ಹೊಲಿಗೆ ಅಂಗಡಿಯಲ್ಲಿ ಕೂತು ಖಾಕಿ ಚಡ್ಡಿಗಳ ಅಂಚು ಮಡಿಸಿ ಮಷಿನ್ನಿಗೆ ಕೊಡುತ್ತಿದ್ದವಳಿಗೆ ಆ ಬಾಗಿದ ಮೊಳೆಯೇ ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು. ಮನೆ ಬಿಡುವಾಗ ಅದು ಕೊಂಡಿಯಲ್ಲಿತ್ತೋ, ನೆಲದ ಮೇಲಿತ್ತೋ? ನೋಡಿದ ನೆನಪಿತ್ತು, ಏನನ್ನು ನೋಡಿದೆ ಎಂಬುದು ನೆನಪಿರಲಿಲ್ಲ.

ದಸರೆಗೆ ಮುಂಚಿನ ಮಾನಾಮಿ ಅಮಾವಾಸ್ಯೆ ಹತ್ತಿರ ಬಂದಿತ್ತು. ದೇವಿಯ ಘಟ ಕೂಡಿಸುವ ಮೊದಲು ಮನೆಯ ಹಾಸಿಗೆ, ಹೊದಿಕೆ, ಅರಿವೆ ಎಲ್ಲವೂ ಹಳ್ಳ ಕಾಣಬೇಕು. ಒಗೆಯದ ಅರಿವೆಯ ಒಂದು ಚೂರು ಒಳಗಿದ್ದರೂ ದೇವಿ ಹೊಸ್ತಿಲು ದಾಟುವುದಿಲ್ಲ. ಚೌಡಕ್ಕ ಇದನ್ನು ಹೆದರಿಕೆಯಿಂದ ಹೇಳುತ್ತಿರಲಿಲ್ಲ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ಹಾಗೆ ಹೇಳುತ್ತಿದ್ದಳು. ಹೋದ ವರ್ಷ ಯಶೋಧಾ ಆ ಮಾತು ಕೇಳಿ ತಾನು ಕೂಡಿಸಿದ್ದ ಬಿಲ್ಲೆಗಳನ್ನೆಲ್ಲ, ಅಂಗಿಯ ಎದೆಗೆ ಚುಚ್ಚುವ ಬ್ಯಾಡ್ಜುಗಳನ್ನು, ಟ್ರಂಕಿನಲ್ಲಿದ್ದ ಕೌದಿಯಿಂದ ಬಿಚ್ಚಿ ಬಿಸ್ಕತ್ತಿನ ಡಬ್ಬಿಗೆ ತುಂಬಿ ಕೌದಿಯನ್ನು ಒಗೆಯಲು ಕೊಟ್ಟಿದ್ದಳು. ಹಬ್ಬ ಮುಗಿಯುವವರೆಗೆ ಡಬ್ಬಿ ಅಟ್ಟದ ಮೇಲೆ, ಅಟ್ಟದಿಂದ ಕೆಳಗೆ, ಯಾರ್ಯಾರದೋ ಕೈಯಲ್ಲಿ ಅಲುಗಾಡಿತು. ತೆರೆದು ನೋಡಿದಾಗ ಒಂದನ್ನೊಂದು ಕೆರೆದುಕೊಂಡಿದ್ದವು. ಯಾವುದೋ ಸಾಹಿತ್ಯ ಸಮ್ಮೇಳನದ ಅರಿಶಿನ ಬಣ್ಣದ ಬಿಲ್ಲೆಯ ಮೇಲೆ ಉದ್ದಕ್ಕೂ ಒಂದು ಗೀರು. ಅವತ್ತೇ ತೀರ್ಮಾನಿಸಿದ್ದಳು: ಮುಂದಿನ ವರ್ಷ ಬಿಚ್ಚುವುದಿಲ್ಲ, ಕೊಡುವುದೂ ಇಲ್ಲ. ಈ ಬೆಳಿಗ್ಗೆ ಅದನ್ನೇ ಅಂದಳು. ಅದೊಂದು ಬಿಡು, ಬೇಕಾದರೆ ಘಟ ಇರುವಷ್ಟು ದಿನ ಟ್ರಂಕನ್ನೇ ಹೊರಗೆ ಕಟ್ಟೆಯ ಮೇಲೆ ಇಡುತ್ತೇನೆ. ಅವ್ವ ಹಂಡೆಗೆ ಉರಿ ಹಾಕುತ್ತಿದ್ದವಳು ಹಾಕುತ್ತಲೇ ಇದ್ದಳು. ಜಗಳ ಆಡುವ ಹೆಂಗಸು ಸುಮ್ಮನಾದರೆ ಒಪ್ಪಿದಳೆಂದು ತಿಳಿಯುವವರು ಗಂಡಸರು. ಯಶೋಧಾ ಹಾಗೆ ತಿಳಿಯಬಾರದಿತ್ತು. ಆದರೆ ಅಂಗಡಿಗೆ ಹೊತ್ತಾಗಿತ್ತು.

ಕೌದಿ ಅವ್ವನೇ ಹೊಲಿದದ್ದು. ಹಳೆ ಸೀರೆಗಳ ನಾಲ್ಕೈದು ಪದರ, ಅದರ ಮೇಲೆ ಒತ್ತೊತ್ತಾಗಿ ಬಿದ್ದ ಕೈಹೊಲಿಗೆ. ಬಟ್ಟೆ ತೊಗಲಿನ ಹಾಗೆ ಗಟ್ಟಿಯಾಗಿತ್ತು. ಅದರೊಳಗೆ ಒಮ್ಮೆ ಹೊಕ್ಕ ಪಿನ್ನು ಸಡಿಲಾಗುತ್ತಿರಲಿಲ್ಲ. ಭಾರದ ಬಿಲ್ಲೆಗಳು ನಡುವೆ, ಹಗುರಾದವು ಅಂಚಿಗೆ, ಮಡಿಕೆ ಬೀಳುವ ಗೆರೆಯ ಮೇಲೆ ಒಂದೂ ಇಲ್ಲ. ಮಡಿಸುವಾಗ ಅಪ್ಪನ ಹಳೆಯ ಧೋತರ ನಡುವೆ ಹಾಸಬೇಕು, ಇಲ್ಲದಿದ್ದರೆ ಮುಖಕ್ಕೆ ಮುಖ ತಾಗಿ ಬಣ್ಣ ಸಿಡಿಯುತ್ತದೆ. ಪಿನ್ನಿಗೆ ಕೊಬ್ಬರಿ ಎಣ್ಣೆ, ಮೂಲೆಗೊಂದು ಡಾಂಬರು ಗುಳಿಗೆ. ಇದನ್ನು ಯಾರೂ ಕಲಿಸಿರಲಿಲ್ಲ, ಹಾಳಾದ ಬಿಲ್ಲೆಗಳೇ ಕಲಿಸಿದ್ದವು. ಭಾನುವಾರ ಮಧ್ಯಾಹ್ನ ಅವ್ವ ಓಣಿಯಲ್ಲಿ ಮಾತಿಗೆ ಹೋದಾಗ ಯಶೋಧಾ ಕೌದಿಯನ್ನು ನೆಲಕ್ಕೆ ಹರಡಿ, ಬಾಗಿಲ ಬೆಳಕು ಅದರ ಮೇಲೆ ಬೀಳುವಂತೆ ಸರಿಸಿ, ಗೋಡೆಗೆ ಒರಗಿ ಕೂರುತ್ತಿದ್ದಳು. ಎನಾಮಲ್ ಬಣ್ಣ ಬೆಳಕಿಗೆ ನೀರು ಕುಡಿದ ಹಾಗೆ ಕಾಣುತ್ತಿತ್ತು. ಶಾಲೆಯ ಲೀಡರುಗಳ ಕೆಂಪು, ಗೃಹರಕ್ಷಕ ದಳದ್ದು, ಸ್ಕೌಟಿನ ಹಸಿರು, ಯಾವುದೋ ಕಾರ್ಮಿಕ ಸಂಘದ್ದು, ಈಗ ಮುಚ್ಚಿಹೋದ ಯಾವುದೋ ಬಸ್ ಕಂಪನಿಯದ್ದು. ಹಾಲಸ್ವಾಮಿಯ ಅಂಗಡಿ ಯೂನಿಫಾರ್ಮಿನ ಅಂಗಡಿ. ಎದೆಯ ಮೇಲೆ ಏನಾದರೊಂದು ಇದ್ದವರೇ ಅಲ್ಲಿಗೆ ಬರುತ್ತಿದ್ದರು. ಹಳೆ ಅಂಗಿ ಕೊಟ್ಟು ಅದೇ ಅಳತೆಯ ಹೊಸದು ಹೊಲಿಸಿಕೊಂಡು, ಹಳೆಯದನ್ನು ಮರೆತು ಹೋಗುತ್ತಿದ್ದರು. ಕೆಲವನ್ನು ಅವಳು ಕೇಳಿ ಪಡೆದಿದ್ದಳು, ಕೆಲವನ್ನು ಕೇಳಲು ಯಾರೂ ಬಂದಿರಲಿಲ್ಲ. ಅವಳಿಗೆಂದು ಯಾರೂ ಒಂದು ಬಿಲ್ಲೆಯನ್ನೂ ಕೊಟ್ಟಿರಲಿಲ್ಲ, ಕೊಡುವ ಸಂದರ್ಭವೂ ಬಂದಿರಲಿಲ್ಲ. ಬಿಲ್ಲೆ ಹಾಕಿಕೊಂಡವನನ್ನು ಜನ ಮೊದಲು ಎದೆ ನೋಡಿ ಆಮೇಲೆ ಮುಖ ನೋಡುತ್ತಾರೆ. ಯಶೋಧಾಳನ್ನೂ ಮೊದಲು ಎದೆಯನ್ನೇ ನೋಡುತ್ತಿದ್ದರು. ಆಮೇಲೆ ಮುಖ ನೋಡುತ್ತಿರಲಿಲ್ಲ.

ಒಂದು ಬಿಲ್ಲೆಯನ್ನು ಮಾತ್ರ ಒಬ್ಬ ಕೇಳಿಕೊಂಡು ಬಂದದ್ದು. ನೀಲಿಯದು, ನಡುವೆ ಬಿಳಿಯ ಪಂಜು. ಹೈಸ್ಕೂಲಿನ ಡ್ರಿಲ್ ಮಾಸ್ತರಾಗಿ ರಿಟೈರಾದ ಪಂಚಾಕ್ಷರಪ್ಪನದು. ಸವೆದ ಕಾಲರು ತಿರುವಿ ಹೊಲಿಯಲೆಂದು ಬಿಳಿ ಅಂಗಿ ಕೊಟ್ಟು ಹೋಗಿದ್ದ, ಬಿಲ್ಲೆ ಅದರ ಜೇಬಿನ ಮೇಲೇ ಇತ್ತು. ಇಸ್ತ್ರಿ ತಾಗೀತೆಂದು ಅವಳೇ ಬಿಚ್ಚಿ ಮಷಿನ್ನಿನ ಶಟಲಿನ ಮುಚ್ಚಳದೊಳಗೆ ಇಟ್ಟಿದ್ದಳು. ಕೊಡಬೇಕೆಂದೇ ಇಟ್ಟದ್ದು. ಇದು ನಿಜವೇ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ, ಪ್ರತಿ ಸಲವೂ ನಿಜವೆಂದೇ ಉತ್ತರ ಬಂದಿದೆ. ಪಂಚಾಕ್ಷರಪ್ಪ ಅಂಗಡಿಗೆ ಬಂದು ಅಂಗಿ ಬಿಡಿಸಿ ನೋಡಿದವನೇ ಹಾಲಸ್ವಾಮಿಯ ಮೇಲೆ ಹರಿಹಾಯ್ದ. ಹಾಲಸ್ವಾಮಿ ಜಂಗಮರವನು, ಮೇಲಾಗಿ ಅಂಗಡಿಯ ಯಜಮಾನ. ಅವನನ್ನು ಹೆಚ್ಚು ಅನ್ನಲು ಬರುವುದಿಲ್ಲ. ಮಾಸ್ತರನ ಕಣ್ಣು ಮೂಲೆಯ ಮಷಿನ್ನಿಗೆ ತಿರುಗಿತು. ಏಳು, ಸೆರಗು ಕೊಡವು ಅಂದ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಹಾಲಸ್ವಾಮಿ ಕತ್ತರಿ ಹುಡುಕುವವನ ಹಾಗೆ ಮೇಜಿನ ಕೆಳಗೆ ಬಗ್ಗಿದ. ಬಿಲ್ಲೆ ಇಲ್ಲೇ ಇದೆ ಎನ್ನಲು ಬಾಯಿ ತೆರೆದಿದ್ದಳು, ಮಾತು ನಾಲಿಗೆಯವರೆಗೂ ಬಂದಿತ್ತು. ಅದನ್ನು ನುಂಗಿ ಎದ್ದು ಸೆರಗು ಕೊಡವಿದಳು. ಎರಡು ದಾರದ ತುಂಡು ಬಿದ್ದವು. ಅವನು ಅವುಗಳನ್ನೂ ಬಗ್ಗಿ ನೋಡಿದ. ಅವಳ ಊಟದ ಡಬ್ಬಿಯ ಚೀಲ ತಿರುವಿಸಿದ, ರೊಟ್ಟಿಯ ಚೂರು ನೆಲಕ್ಕೆ ಬಿದ್ದಿತು. ಅವತ್ತು ಸಂಜೆ ನೀಲಿ ಬಿಲ್ಲೆ ಕೌದಿಯ ನಟ್ಟನಡುವೆ ಹೊಕ್ಕಿತು. ಅದಕ್ಕಾಗಿ ಗೃಹರಕ್ಷಕ ದಳದ್ದನ್ನು ಪಕ್ಕಕ್ಕೆ ಸರಿಸಿದ್ದಳು. ಕೌದಿಯನ್ನು ಯಾರಿಗೂ ತೋರಿಸುವಂತಿಲ್ಲ ಎಂಬುದು ಅವತ್ತಿನಿಂದ ಗಟ್ಟಿಯಾಯಿತು. ಮಾಸ್ತರ ಈಗ ಮಗ ಪ್ರವೀಣಕುಮಾರನ ಗೊಬ್ಬರದ ಅಂಗಡಿಯ ಮುಂದೆ, ಬಜಾರದ ರಸ್ತೆಗೆ ಮುಖ ಮಾಡಿ ದಿನವಿಡೀ ಕುರ್ಚಿಯಲ್ಲಿ ಕೂತಿರುತ್ತಾನೆ. ಅವಳು ದಿನವೂ ಎರಡು ಹೊತ್ತು ಅವನ ಮುಂದೆಯೇ ಹಾಯಬೇಕು. ಹಾಯುವಾಗ ಅವಳ ಹೆಜ್ಜೆ ತಾನಾಗಿಯೇ ಬಿರುಸಾಗುತ್ತದೆ, ಅದಕ್ಕೆ ಅವಳಿಗೆ ಕಾಲಿನ ಮೇಲೆ ಸಿಟ್ಟು.

ಹಾಲಸ್ವಾಮಿ ಟೀ ಕುಡಿಯುತ್ತ, ನಿಮ್ಮವ್ವ ಹಳ್ಳಕ್ಕ ಹೋದ್ಲು ನೋಡು ಅಂದ. ಮುಂಜಾನೆ ದಾರ ತರಲು ಹೊರಗೆ ಹೋದಾಗ ಕಂಡಳಂತೆ, ಜೊತೆಗೆ ಓಣಿಯ ಅಂಜಿನಕ್ಕನೂ ಇದ್ದಳಂತೆ, ತಳ್ಳುಗಾಡಿಯಲ್ಲಿ ಹಾಸಿಗೆಯ ಗಂಟು. ಅವನು ಸುಮ್ಮನೆ ಮಾತಿಗೆ ಹೇಳಿದ್ದು. ಆಮೇಲೆ ಬಸಿ ಕೆಳಗಿಟ್ಟು ನಗುತ್ತ ಸೇರಿಸಿದ:

"ಏನ್ ಬಂಗಾರ ಇಟ್ಟೀರಬೇ ಹಾಸಿಗ್ಯಾಗ, ಗಂಟು ಬಿಸಿಲಿಗೆ ಫಳಫಳ ಅಂತಿತ್ತು."

ಯಶೋಧಾಳ ಕಾಲು ಪೆಡಲಿನ ಮೇಲೆ ನಿಂತಿತು. ಚಡ್ಡಿಯನ್ನು ಸೂಜಿಯ ಕೆಳಗೇ ಬಿಟ್ಟು ಎದ್ದಳು. ಎಲ್ಲಿಗೆ ಎಂದು ಅವನು ಕೇಳಿದ್ದು ಕೇಳಿಸಿತು, ಉತ್ತರ ಕೊಡುವಷ್ಟು ಅವನು ಮುಖ್ಯ ಅನ್ನಿಸಲಿಲ್ಲ. ಎಸ್‌ಟಿಡಿ ಬೂತು, ಕೊಟ್ಟೂರಿನ ಟೆಂಪೋಗಳು, ಒಣಮೆಣಸಿನಕಾಯಿಯ ಘಾಟು, ಎಲ್ಲವೂ ಎಂದಿನ ಹಾಗೆಯೇ ಇದ್ದವು ಎಂಬುದೇ ಅವಳಿಗೆ ಅವಮಾನದಂತೆ ತೋರಿತು. ನಡೆಯುತ್ತ ಅವ್ವನಿಗೆ ಹೇಳಬೇಕಾದ್ದನ್ನು ಜೋಡಿಸಿಕೊಂಡಳು. ಬಾಯಿಗೆ ಬಂದದ್ದೆಲ್ಲ ಗಂಡನ ಮನೆಯಲ್ಲಿ ಅತ್ತೆಗೆ ಹೇಳಬೇಕೆಂದು ಜೋಡಿಸಿಟ್ಟುಕೊಂಡು ಹೇಳದೇ ಬಂದ ಮಾತುಗಳು. ಅವು ಇಲ್ಲಿಗೆ ಹೊಂದುತ್ತಿರಲಿಲ್ಲ. ಅವ್ವ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಕೆಲಸ ಸುಲಭವಿತ್ತು.

ಹಳ್ಳದಲ್ಲಿ ಓಣಿಯ ಅರ್ಧ ಹೆಂಗಸರಿದ್ದರು. ದಂಡೆಯ ಮೇಲೆ ಮೂರು ಕಲ್ಲಿನ ಒಲೆ ಹೂಡಿ ದೊಡ್ಡ ಬೋಗುಣಿಯಲ್ಲಿ ಸೋಡಾ ನೀರು ಕುದಿಸುತ್ತಿದ್ದರು. ಕುದ್ದ ಹಾಸಿಗೆಗಳು ಹಬೆಯಾಡುತ್ತ ಕಲ್ಲಿನ ಮೇಲೆ ರಾಶಿ ಬಿದ್ದಿದ್ದವು. ಚೌಡಕ್ಕ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೌದಿಯ ಒಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಿಂದ ಬೀಸಿ ಕಲ್ಲಿಗೆ ಬಡಿಯುತ್ತಿದ್ದಳು. ಒಂದೊಂದು ಬಡಿತಕ್ಕೂ ಬಟ್ಟೆಯ ಸದ್ದಿನ ಜೊತೆ ಇನ್ನೊಂದು ಸದ್ದು, ಬಳೆ ಒಡೆದ ಹಾಗೆ. ಕಲ್ಲಿನ ಸುತ್ತ ನೀರಿನಲ್ಲಿ ಕೆಂಪು, ಹಸಿರು ಚೂರುಗಳು ಹೊಳೆಯುತ್ತಿದ್ದವು. ಅಂಜಿನಕ್ಕ ಒಂದು ಕೆಂಪು ಬಿಲ್ಲೆಯನ್ನು ಕುಪ್ಪಸಕ್ಕೆ ಸಿಕ್ಕಿಸಿಕೊಂಡು ಎದೆ ಉಬ್ಬಿಸಿ, ನೋಡ್ರವಾ, ಇವತ್ತಿನಿಂದ ಹಳ್ಳಕ್ಕ ನಾನ ಲೀಡರು, ಸಾಲಾಗಿ ಒಗೀರಿ ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಯಶೋಧಾಳನ್ನು ಕಂಡು ನಗು ಅಲ್ಲಲ್ಲೇ ನಿಂತಿತು.

ಚೌಡಕ್ಕ ಕೈ ಇಳಿಸಲಿಲ್ಲ. ಇನ್ನೊಂದು ಸಲ ಬಡಿದೇ ತಿರುಗಿದಳು.

"ಬೇಕಂತ ಬಿಚ್ಚಲಿಲ್ಲ ನಾನು. ಬಿಚ್ಚಿದ್ರ ಕೆರಿತಾವು ಅಂತ ನೀನ ಅಂದಿದ್ದೆಲ್ಲ. ಗುಂಡಿ ಅದಾವ ಅಂತ ಅಂಗಿ ಒಗಿಯಾದು ಬಿಡ್ತಾರೇನು? ಇವೂ ಗುಂಡೀನ."

ಯಶೋಧಾ ಜೋಡಿಸಿಕೊಂಡು ಬಂದ ಮಾತು ಒಂದೂ ಉಳಿಯಲಿಲ್ಲ. ಅವ್ವ ಅಂದದ್ದರಲ್ಲಿ ಸುಳ್ಳಿರಲಿಲ್ಲ. ಅವಳಿಗೆ ಅವು ಗುಂಡಿಗಳೇ. ಹೊಲಿಗೆ ಅಂಗಡಿಯಲ್ಲಿ ದುಡಿಯುವ ಮಗಳು ಹೊಲಿಗೆ ಅಂಗಡಿಯ ಗುಂಡಿಗಳನ್ನು ತಂದು ಕೌದಿಗೆ ಹಚ್ಚಿಕೊಂಡಿದ್ದಾಳೆ, ಇಷ್ಟೇ. ಅವನ್ನು ಬಿಚ್ಚದೆ ಒಗೆದು ಕೊಟ್ಟರೆ ಮಗಳ ಮಾತೂ ಉಳಿಯಿತು, ದೇವಿಯ ಮಡಿಯೂ ಉಳಿಯಿತು ಎಂದು ಬೆಳಿಗ್ಗೆ ಹಂಡೆಯ ಮುಂದೆ ಸುಮ್ಮನೆ ಕೂತು ಅವ್ವ ಲೆಕ್ಕ ಹಾಕಿದ್ದಾಳೆ. ಎಷ್ಟು ಅಚ್ಚುಕಟ್ಟಾದ ಲೆಕ್ಕ. ಯಶೋಧಾ ಚಪ್ಪಲಿ ಬಿಡದೆ ನೀರಿಗಿಳಿದು ಕೌದಿಯ ಇನ್ನೊಂದು ತುದಿ ಹಿಡಿದಳು. ಇನ್ನೂ ಹಿಂಡಿಲ್ಲ, ನೀರು ಕುಡದೈತಿ, ಹೊರಾಕ ಆಗಂಗಿಲ್ಲ ಬಿಡು ಎಂದು ಚೌಡಕ್ಕ ಎಳೆದಳು. ಇಬ್ಬರೂ ಎಳೆದರು. ನೋಡುವವರಿಗೆ ತಾಯಿ ಮಗಳು ಸೇರಿ ಹಾಸಿಗೆ ಹಿಂಡುತ್ತಿರುವ ಹಾಗೆಯೇ ಕಂಡಿರಬೇಕು. ಎದುರುಬದುರು ನಿಂತು ತಿರುವುವುದೂ ಹಾಗೆಯೇ. ಚೌಡಕ್ಕನ ಬೆರಳು ಒಂದು ಪಿನ್ನಿಗೆ ಚುಚ್ಚಿತು. ಅವಳು ಕೈ ಬಿಟ್ಟು ಬೆರಳನ್ನು ಬಾಯಿಗಿಟ್ಟುಕೊಂಡಳು. ಆ ಗಳಿಗೆಯಲ್ಲಿ ಅಯ್ಯೋ ಅನ್ನಿಸಿತು, ಅನ್ನಿಸಿದ್ದನ್ನು ಯಶೋಧಾ ಬದಿಗೆ ಸರಿಸಿ ಕೌದಿಯನ್ನು ಬೆನ್ನಿಗೆ ಹಾಕಿಕೊಂಡಳು. ಒಂದು ಮೂಟೆ ಜೋಳದ ಭಾರ. ಸೋಡಾ ನೀರು ಕುತ್ತಿಗೆಯಿಂದ ಇಳಿದು ಬೆನ್ನು ಉರಿಯತೊಡಗಿತು.

"ಯಶೋದಿ, ಹಂಗ ಮನಿಗೆ ತರಬ್ಯಾಡ. ಅರ್ಧ ಒಗದಿದ್ದು ಮೈಲಿಗಿಗಿಂತ ಕೆಟ್ಟದ್ದು."

"ಮನಿಗೆ ತರಂಗಿಲ್ಲ."

ಎಲ್ಲಿಗೆ ಒಯ್ಯಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ದಂಡೆ ಹತ್ತಿದಾಗ ಎರಡು ದಾರಿಗಳಿದ್ದವು. ಶಾಲೆಯ ಹಿಂದಿನಿಂದ ಜಾಲಿಯ ಸಂದಿಯಲ್ಲಿ ಹೋಗುವ ದಾರಿಯಲ್ಲಿ ಈ ಹೊತ್ತಿನಲ್ಲಿ ನಾಯಿಯೂ ಇರುವುದಿಲ್ಲ. ಇನ್ನೊಂದು ಬಜಾರದ ದಾರಿ. ಅವಳು ಜಾಲಿಯ ದಾರಿಗೆ ನಾಲ್ಕು ಹೆಜ್ಜೆ ಹಾಕಿದ್ದಳು ಕೂಡ. ಹಾಗೆ ಹೆಜ್ಜೆ ಹಾಕಿದ ಕಾಲನ್ನು ಕಂಡದ್ದೇ ಅವಳಿಗೆ ಹೇಸಿಗೆ ಬಂತು. ವರ್ಷಗಟ್ಟಲೆ ಮಡಿಸಿ, ಧೋತರ ಹಾಸಿ, ಒಳಮುಖ ಮಾಡಿ ಇಟ್ಟದ್ದು ಯಾತಕ್ಕೆ? ಯಾರಾದರೂ ನೋಡಿಯಾರು ಎಂದು. ನೋಡಲೆಂದೇ ಮಾಡಿದ ವಸ್ತುಗಳು ಅವು, ಎದೆಯ ಮೇಲೆ ಚುಚ್ಚಿ ಊರಿಗೆ ತೋರಿಸಲೆಂದು. ಅವಳು ಅವನ್ನು ಕಳ್ಳರ ಹಾಗೆ ಕತ್ತಲಲ್ಲಿ ಕೂಡಿಹಾಕಿದ್ದಳು, ಅವೇನು ಕಳ್ಳತನ ಮಾಡಿರಲಿಲ್ಲ. ಮೋಟು ಗೋಡೆಯ ಮೇಲೆ ಕೌದಿಯನ್ನು ಇಳಿಸಿ, ಬಿಲ್ಲೆಗಳಿರುವ ಮಗ್ಗುಲನ್ನು ಹೊರಗೆ ತಿರುಗಿಸಿ, ಎರಡು ತುದಿಗಳನ್ನು ಕುತ್ತಿಗೆಯ ಮುಂದೆ ಗಂಟು ಹಾಕಿ ಹೊದ್ದುಕೊಂಡಳು. ಹಿಂದಿನ ತುದಿ ನೆಲಕ್ಕೆ ತಾಗುತ್ತಿತ್ತು. ಬಜಾರದ ಕಡೆ ತಿರುಗಿದಳು.

ಮೊದಲು ಮಾತುಗಳು ನಿಂತವು, ಆಮೇಲೆ ಬೇರೆ ಮಾತುಗಳು ಹುಟ್ಟಿದವು. ಪಾತ್ರೆ ಅಂಗಡಿಯ ಮುಂದೆ ಯಾರೋ, ಜಾತ್ರಿ ಇಲ್ದ ಊರಾಗ ವೇಷ ಬಂತಲ್ಲಪ್ಪ ಅಂದರು. ಮತ್ತೊಬ್ಬ, ಗಂಡ ಬಿಟ್ಟಾಕಿ, ತಲಿಗೆ ಹತ್ತೈತಿ ಅಂದ. ಇನ್ನೊಬ್ಬ ಹತ್ತಿರಕ್ಕೇ ಬಂದು ಬೆನ್ನು ನೋಡಿ, ಲೇ, ನಮ್ಮ ಸಾಲಿ ಬಿಲ್ಲಿ ಐತಲೇ ಇಲ್ಲಿ ಎಂದು ಗೆಳೆಯನನ್ನು ಕರೆದ. ಅವನ ದನಿಯಲ್ಲಿ ಖುಷಿ ಇತ್ತು. ಅವಳಿಗೆ ಆ ಖುಷಿಯೂ ಬೇಡವಾಗಿತ್ತು. ಹೆಜ್ಜೆ ಬಿರುಸಾಗಲು ನೋಡಿತು, ಅವಳು ಬಿಡಲಿಲ್ಲ. ಗೊಬ್ಬರದ ಅಂಗಡಿ ಬಂತು. ಪಂಚಾಕ್ಷರಪ್ಪನ ವಿಭೂತಿಯ ಹಣೆ, ಇಸ್ತ್ರಿಯ ಧೋತರ, ಕುರ್ಚಿಯ ಕೈ ಮೇಲೆ ಮಡಚಿದ ಪೇಪರು. ಅವಳು ಹಾದುಹೋದಮೇಲೆಯೇ ಅವನಿಗೆ ಬೆನ್ನು ಕಂಡದ್ದು. ವರ್ಷಗಟ್ಟಲೆ ಎದೆಯ ಮೇಲೆ ಹೊತ್ತ ಬಿಲ್ಲೆಯ ಆಕಾರವನ್ನು ಅವನು ದೂರದಿಂದಲೇ ಗುರುತಿಸಿದ.

"ಏ ಹುಡುಗಿ, ನಿಂದ್ರು. ನಡುವಿಂದು ನಂದು."

ನಿಂತಳು. ತಿರುಗಲಿಲ್ಲ, ತಿರುಗಿದರೆ ಅದು ಕಾಣುತ್ತಿರಲಿಲ್ಲ.

"ಹೌದ್ರಿ ಮಾಸ್ತರ. ನಿಮ್ದ."

ಇಷ್ಟು ಬೇಗ ಹೌದೆಂದಾಳು ಎಂದು ಅವನು ಎಣಿಸಿರಲಿಲ್ಲ. ಅವನ ಬಾಯಲ್ಲಿದ್ದದ್ದು ಸುಳ್ಳು ಹಿಡಿಯುವ ಮಾತು, ಸುಳ್ಳೇ ಇಲ್ಲದೆ ಅದಕ್ಕೆ ಜಾಗ ಸಿಗಲಿಲ್ಲ. ಹಂಗಾದ್ರ ಕದ್ದಿದ್ದು ಖರೇ ಆತಲ್ಲ ಎಂದು ಸುತ್ತಲಿನವರಿಗೆ ಕೇಳಿಸುವಂತೆ ಅಂದ. ಮಗ ಪ್ರವೀಣಕುಮಾರ ಒಳಗಿನಿಂದ ಬಂದು, ಇರ್ಲಿ ಬಿಡಪ್ಪ, ರಸ್ತಿ ಮ್ಯಾಲ ಯಾಕ ಎಂದು ಮೆಲ್ಲಗೆ ಅಂದದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಕೊಡಾಕಂತ ತೆಗದಿಟ್ಟಿದ್ದೆ," ಯಶೋಧಾ ಎದುರಿನ ಗೋಡೆಯನ್ನು ನೋಡುತ್ತಲೇ ಹೇಳಿದಳು. "ಸೆರಗು ಕೊಡವು ಅಂದ್ರಿ. ಕೊಡವಿದೆ. ಬೀಳಲಿಲ್ಲ. ಆಮ್ಯಾಗ ಯಾಕ ಕೊಡ್ಲಿ? ಈಗ ಬಂದು ಬಿಚ್ಚಿಕೊಳ್ರಿ, ನನ್ನ ಕೈ ಅಲ್ಲಿಗೆ ನಿಲುಕಂಗಿಲ್ಲ."

ಅವನು ಮೆಟ್ಟಿಲಿಳಿದ. ಹತ್ತಿರ ಬಂದಮೇಲೆ ಅವನಿಗೆ ಅದು ಹಾಸಿಗೆ ಎಂಬುದು ತಿಳಿದಿರಬೇಕು. ಬೇರೆಯವರ ಮನೆಯ, ಅರ್ಧ ಒಗೆದ, ಹಳ್ಳದ ನೀರು ತೊಟ್ಟಿಕ್ಕುವ ಹಾಸಿಗೆ. ಅವನೋ ಪೂಜೆ ಮಾಡಿ ಕೂತವನು. ಆದರೂ ಅವನ ಬೆರಳುಗಳು ಅವಳ ಬೆನ್ನಿಗೆ ತಾಗಿದವು. ಪಿನ್ನು ಬಿಗಿಯಾಗಿತ್ತು, ಬಿಚ್ಚಲು ಬರುತ್ತಿರಲಿಲ್ಲ. ಅವನು ಕೌದಿಯನ್ನು ಹಿಡಿದು ಎಳೆಯುತ್ತಿದ್ದ, ಗಂಟು ಅವಳ ಕುತ್ತಿಗೆಯನ್ನು ಬಿಗಿಯುತ್ತಿತ್ತು. ಅವಳು ಅಲುಗಾಡಲಿಲ್ಲ. ಮುದುಕನೊಬ್ಬ ಬಜಾರದ ನಡುವೆ ಹೆಂಗಸಿನ ಬೆನ್ನು ಕೆರೆಯುತ್ತಿರುವ ಹಾಗೆ ಕಾಣುತ್ತದೆ ಎಂಬುದು ಅವನಿಗೂ ಹೊಳೆದಿರಬೇಕು, ಉಸಿರು ಜೋರಾಯಿತು. ಯಾರೋ ಕಿಸಕ್ಕನೆ ನಕ್ಕರು. ಪಾಪ ಅನ್ನಿಸೀತೇನೋ ಎಂದು ಅವಳು ಕಾದಳು. ಅನ್ನಿಸಲಿಲ್ಲ. ಕೊನೆಗೆ ಬಿಲ್ಲೆ ಕಳಚಿ ಅವನ ಕೈಗೆ ಬಂತು.

"ಇದ್ರಾಗ ಏನೂ ಉಳದಿಲ್ಲಲ್ಲ," ಅಂದ. ಬರೀ ಹಿತ್ತಾಳೆ. ನೀಲಿಯೂ ಇಲ್ಲ, ಪಂಜೂ ಇಲ್ಲ; ಬಣ್ಣ ಹುಯ್ದಿದ್ದ ತಗ್ಗು ಮಾತ್ರ.

"ಮುಂಜಾನಿತನಾ ಇತ್ರಿ. ನಮ್ಮವ್ವ ಒಗದಾಳ." ಈಗ ತಿರುಗಿದಳು. "ಇನ್ನೊಮ್ಮೆ ಸೆರಗು ಕೊಡವಲೇನ್ರಿ?"

ಅವನು ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು, ಒದ್ದೆ ಬೆರಳುಗಳನ್ನು ಧೋತರಕ್ಕೆ ತಾಗದಂತೆ ದೂರ ಹಿಡಿದುಕೊಂಡು ಒಳಗೆ ಹೋದ. ಕುರ್ಚಿ ಹೊರಗೇ ಉಳಿಯಿತು.

ರೈಲ್ವೆ ಸ್ಟೇಷನ್ನಿನಲ್ಲಿ ಜನರ ಗಾಡಿ ನಿಂತು ವರ್ಷಗಳಾಗಿದ್ದವು. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕಬ್ಬಿಣದ ಬೇಲಿ ಮಾತ್ರ ಬಿಸಿಲಿಗೆ ಕಾದು ನಿಂತಿತ್ತು. ಯಶೋಧಾ ಕೌದಿಯನ್ನು ರಸ್ತೆಯ ಕಡೆ ಮುಖ ಮಾಡಿ ಬೇಲಿಗೆ ಹರವಿ, ಎರಡು ಮೂಲೆಗಳನ್ನು ಸರಳಿಗೆ ಕಟ್ಟಿದಳು. ಹಿಂದೆ ಬಂದಿದ್ದವರು ತುಸು ದೂರದಲ್ಲಿ ನಿಂತರು. ಒಬ್ಬಿಬ್ಬರು ಹತ್ತಿರ ಬಂದ ಮೇಲೆ ಉಳಿದವರೂ ಬಂದರು. ಗ್ಯಾಂಗ್‌ಮನ್ ಒಬ್ಬ, ಇಲ್ಲಿ ಅರಿವಿ ಒಣ ಹಾಕಂಗಿಲ್ಲ ಎಂದು ಹೇಳಲು ಬಂದವನು ಕಾರ್ಮಿಕ ಸಂಘದ ಬಿಲ್ಲೆ ಕಂಡು ಬಗ್ಗಿ ನೋಡುತ್ತ ನಿಂತ, ಹೇಳುವುದನ್ನು ಆಮೇಲೆ ಹೇಳಿದ. ಒಣ ಹಾಕಿದ್ದಲ್ಲ, ನೋಡಾಕ ಹಾಕೀನಿ ಎಂದಳು. ಅವನು ಒಪ್ಪಲಿಲ್ಲ. ಅವಳು ತೆಗೆಯಲಿಲ್ಲ. ಹಾಲಸ್ವಾಮಿ ನಾಳೆಯಿಂದ ಬರಬೇಡ ಎನ್ನಬಹುದು, ಅಣ್ಣ ಕೈ ಎತ್ತಬಹುದು. ಅದೆಲ್ಲ ಸಂಜೆಯ ಮಾತು. ಈಗ ಅವಳು ಬೇಲಿಯ ಪಕ್ಕ ನಿಂತು, ಯಾವುದು ಯಾರದೆಂದು ಕೇಳಿದವರಿಗೆ ಹೇಳುತ್ತ, ನಡುನಡುವೆ ಒಂದೊಂದೇ ಸಾಲು ಎಣಿಸಿದಳು. ಬಿದ್ದುಹೋದ ಜಾಗದಲ್ಲಿ ಬಟ್ಟೆಯ ಮೇಲೆ ದುಂಡಗೆ ಬೇರೆ ಬಣ್ಣ ಉಳಿದಿತ್ತು, ಎಣಿಸುವುದು ಕಷ್ಟವಾಗಲಿಲ್ಲ. ಹಳ್ಳದಲ್ಲಿ ಹೋದವು ಒಂಬತ್ತು. ಬಣ್ಣ ಹಾರಿ ಬರೀ ಹಿತ್ತಾಳೆಯಾದವು ಹನ್ನೊಂದು. ಅಂಜಿನಕ್ಕನ ಕುಪ್ಪಸದಲ್ಲಿ ಉಳಿದದ್ದು ಒಂದು. ಪಂಚಾಕ್ಷರಪ್ಪ ಬಿಚ್ಚಿಕೊಂಡದ್ದು ಒಂದು, ಅದನ್ನೂ ಸೇರಿಸಿದಳು. ಕಳೆದುಕೊಂಡದ್ದು ಒಟ್ಟು ಇಪ್ಪತ್ತೆರಡು.